ಹದಿನೈದರ ಪಿಚ್ ಬಿಚ್ಚಿ ಹನ್ನೆರಡು ಹಾಕಿದ್ದು

ಹಿರಿಯೂರಿನಲ್ಲಿರುವ ನನ್ನ ಭಾಮೈದ ವಾಣಿ ವಿಲಾಸ ಸಾಗರದ ಹಿನ್ನೀರಿನಲ್ಲಿ ಬಲೆ ಬಿಡುವವರಿಂದ ಮೀನು ಕೊಂಡು ದಡಕ್ಕೆ ಸಾಗಿಸುವ ಕೆಲಸ ಮಾಡುತ್ತಾನೆ. ಬಿಸಿಲೇರುವ ಮೊದಲು ಮೀನು ಐಸಿಗೆ ಸೇರಬೇಕಾದ್ದರಿಂದ ಹರಿಗೋಲನ್ನು ನಂಬಿ ಕುಳಿತರೆ ಆಗದೆಂದು, ಕರಾವಳಿಯಿಂದ 14 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು 40 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಡೆ ತೂಗುಹಾಕುವ) ಎಂಜಿನ್ ಸಮೇತ ಕೊಂಡು ತಂದ. ಮಾರಿದವರು ಅದು ಗಂಟೆಗೆ 50 ಕಿಲೋಮೀಟರ್ ಓಡುತ್ತದೆ ಎಂದಿದ್ದರಂತೆ. ಮಾರಿಕಣಿವೆಯ, ಅಂದರೆ ಇದೇ ವಾಣಿ ವಿಲಾಸ ಸಾಗರದ, ನೀರಿನಲ್ಲಿ ಅದು ಪೂರ್ತಿ ಥ್ರಾಟಲ್ ಕೊಟ್ಟರೂ 38 ದಾಟಲಿಲ್ಲ. ನಾನು ದಾವಣಗೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಮತ್ತು ಲೇತ್ ಕೆಲಸ ಮಾಡುವವನು, ದೋಣಿಯ ವಿಷಯಕ್ಕೆ ಹೊಸಬ. ಆದರೂ ಪ್ರೊಪೆಲ್ಲರೆಂದರೆ ನೀರನ್ನು ತಳ್ಳುವ ಚಕ್ರ ಎಂದಮೇಲೆ ಅದು ಪಂಪಿನೊಳಗೆ ತಿರುಗುವ ಇಂಪೆಲ್ಲರಿನ ದಾಯಾದಿಯೇ ಅಲ್ಲವೇ ಎಂಬ ಧೈರ್ಯದಿಂದ ಒಂದು ಭಾನುವಾರ ಬೆಳಿಗ್ಗೆ ಪಾನಾ ಪೆಟ್ಟಿಗೆ ಹಿಡಿದು ಹೋದೆ.

ಪ್ರೊಪೆಲ್ಲರಿನ ಗುಬ್ಬಿಯ, ಅಂದರೆ ಅಲಗುಗಳು ಕೂಡುವ ನಡುಭಾಗದ, ಮೇಲೆ ಎರಡು ಅಂಕಿಗಳನ್ನು ಕೊರೆದಿರುತ್ತಾರೆ. ಸಾಮಾನ್ಯವಾಗಿ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಅಂಗುಲದ ಲೆಕ್ಕ. ಪಿಚ್ ಎಂದರೆ ಪ್ರೊಪೆಲ್ಲರು ಒಂದು ಸುತ್ತು ತಿರುಗಿದಾಗ, ನೀರು ಮರದಂತೆ ಗಟ್ಟಿಯಾಗಿದ್ದಿದ್ದರೆ, ಎಷ್ಟು ಅಂಗುಲ ಮುಂದಕ್ಕೆ ಕೊರೆದುಕೊಂಡು ಹೋಗುತ್ತಿತ್ತೋ ಆ ದೂರ. ಮರಕ್ಕೆ ಹಾಕುವ ಸ್ಕ್ರೂವಿನ ಥ್ರೆಡ್ ಇದ್ದಂತೆ. ಅಲಗಿನ ಬುಡ ಕಡಿದಾಗಿಯೂ ತುದಿ ಚಪ್ಪಟೆಯಾಗಿಯೂ ತಿರುಚಿರುವುದಕ್ಕೆ ಕಾರಣವೂ ಇದೇ: ಒಂದೇ ಸುತ್ತಿನಲ್ಲಿ ತುದಿ ದೊಡ್ಡ ವೃತ್ತವನ್ನೂ ಬುಡ ಚಿಕ್ಕ ವೃತ್ತವನ್ನೂ ಸುತ್ತಿ ಬಂದರೂ ಮುಂದಕ್ಕೆ ಸಾಗಬೇಕಾದ ದೂರ ಎರಡಕ್ಕೂ ಒಂದೇ. ಭಾಮೈದನ ಪ್ರೊಪೆಲ್ಲರಿನ ಪಿಚ್ 15 ಅಂಗುಲವಿತ್ತು, ಅದರ ಮೂರು ಅಲಗುಗಳಲ್ಲಿ ಒಂದರ ಅಂಚು ಮಡಚಿತ್ತು. 1933ರ ನಂತರ 2022ರಲ್ಲಷ್ಟೇ ಕೋಡಿ ಹರಿದ ಜಲಾಶಯವಿದು. ನಡುವಿನ ದಶಕಗಳಲ್ಲಿ ಒಣಗಿದ್ದ ಅಂಚಿನ ನೆಲದಲ್ಲಿ ಬೆಳೆದ ಜಾಲಿಗಿಡಗಳೆಲ್ಲ ಈಗ ನೀರಿನಡಿಯಲ್ಲಿವೆ, ಅಲ್ಲಿನ ಬೊಡ್ಡೆಗೆ ಬಡಿದಿರಬೇಕು.

ವೇಗ ಬೇಕಾದರೆ ಪಿಚ್ ಹೆಚ್ಚಿಸಬೇಕು ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಮಾತು, ಭಾಮೈದನೂ 17 ಹುಡುಕುತ್ತಿದ್ದ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ನಾನು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಆ ದೋಣಿಯಲ್ಲಿ ಟ್ಯಾಕೋಮೀಟರ್ ಇರಲಿಲ್ಲ. ಸ್ಪಾರ್ಕ್ ಪ್ಲಗ್ಗಿನ ವೈರಿಗೆ ತಂತಿ ಸುತ್ತಿದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು, ತೋರಿಸುವ ಅಗ್ಗದ ಮೀಟರೊಂದನ್ನು ತರಿಸಿ ಕಟ್ಟಿದೆವು. ಹೀಗೆ ಕಟ್ಟುವವರು ಒಂದು ಸಂಗತಿ ಗಮನಿಸಬೇಕು: ಕೆಲವು ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಪ್ಲಗ್ಗು ಎರಡು ಸುತ್ತಿಗೊಮ್ಮೆ ಅಲ್ಲದೆ ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತದೆ, ಮೀಟರಿನ ಸೆಟ್ಟಿಂಗ್ ಅದಕ್ಕೆ ಹೊಂದದಿದ್ದರೆ ಅರ್ಧ ಅಥವಾ ಎರಡು ಪಟ್ಟು ಅಂಕಿ ಬರುತ್ತದೆ. ಈ ಎಂಜಿನ್ನಿನ ಕೈಪಿಡಿಯ ಪ್ರಕಾರ ಪೂರ್ತಿ ಥ್ರಾಟಲ್‌ನಲ್ಲಿ ಅದು 5000ದಿಂದ 6000 ಆರ್‌ಪಿಎಂ ನಡುವೆ ಇರಬೇಕು. ನಮ್ಮದು 4400ರಲ್ಲಿ ಏದುಸಿರು ಬಿಡುತ್ತಿತ್ತು.

ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರನ್ನು ಟಾಪ್ ಗೇರಿನಲ್ಲಿಟ್ಟು ದಿಣ್ಣೆ ಹತ್ತಿಸುವವರನ್ನು ನಮ್ಮ ಕಡೆ ಸುಗ್ಗಿಯಲ್ಲಿ ದಿನವೂ ಕಾಣಬಹುದು. ಎಂಜಿನ್ ಹೊಗೆ ಉಗುಳುತ್ತದೆಯೇ ಹೊರತು ಗಾಡಿ ಏರುವುದಿಲ್ಲ. ಪಿಚ್ ಹೆಚ್ಚಾದ ಪ್ರೊಪೆಲ್ಲರ್ ಎಂದರೆ ಅಂಥದೇ ಟಾಪ್ ಗೇರು. 40 ಅಶ್ವಶಕ್ತಿಯನ್ನು ಎಂಜಿನ್ ಕೊಡುವುದು ಅದರ ಮೇಲ್ಮಟ್ಟದ ಆರ್‌ಪಿಎಂನಲ್ಲಿ. ಅಲ್ಲಿಗೆ ತಲುಪಲು ಬಿಡದಿದ್ದರೆ ಕೊಂಡ ಶಕ್ತಿಯಲ್ಲಿ ಒಂದು ಪಾಲು ಬಳಕೆಗೇ ಬರುವುದಿಲ್ಲ, ಜೊತೆಗೆ ಹಾಗೆ ಸದಾ ತಿಣುಕಿಸಿದರೆ ಬೇರಿಂಗು, ಪಿಸ್ಟನ್‌ಗಳ ಮೇಲೆ ಹೊರೆ ಬಿದ್ದು ಎಂಜಿನ್ನಿನ ಆಯಸ್ಸೂ ಸವೆಯುತ್ತದೆ.

ಕರಾವಳಿಯಲ್ಲಿ ಅದೇ ಪ್ರೊಪೆಲ್ಲರು ಇಷ್ಟು ತಿಣುಕದಿರಲು ಕಾರಣ ಎತ್ತರ. ನಮ್ಮ ಈ ಬಯಲುಸೀಮೆ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಅಂದರೆ ಸುಮಾರು 2000 ಅಡಿ. ಟರ್ಬೋ ಇಲ್ಲದ ಎಂಜಿನ್ ಪ್ರತಿ 1000 ಅಡಿಗೆ ಸರಿಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ತೆಳುವಾಗುವುದರಿಂದ ಸಿಲಿಂಡರಿಗೆ ಆಮ್ಲಜನಕ ಕಡಿಮೆ ಸಿಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲಿನ ಪ್ರಮಾಣ ಸರಿಹೊಂದುತ್ತದೆಯೇ ಹೊರತು ಇಲ್ಲದ ಗಾಳಿಯನ್ನು ಅದು ತಂದುಕೊಡುವುದಿಲ್ಲ. ಹೀಗೆ ಎರಡೂವರೆ ಅಶ್ವಶಕ್ತಿಯಷ್ಟು ಘಟ್ಟ ಹತ್ತುವಾಗಲೇ ಕರಗಿತ್ತು. ನಮ್ಮ ಕೆರೆ ಜಲಾಶಯಗಳಿಗೆ ಕಡಲ ದೋಣಿ ತರುವವರು ಅದರ ಪ್ರೊಪೆಲ್ಲರನ್ನೂ ಹಾಗೆಯೇ ಇಟ್ಟುಕೊಳ್ಳುವುದು, ನನ್ನ ಅಭಿಪ್ರಾಯದಲ್ಲಿ, ಬೇರೆಯವರ ಅಳತೆಗೆ ಹೊಲಿಸಿದ ಅಂಗಿ ತೊಟ್ಟಂತೆ.

ಪಿಚ್ ಒಂದು ಅಂಗುಲ ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ ಎಂಬುದು ಈ ಕೆಲಸದಲ್ಲಿ ಪಳಗಿದವರ ಲೆಕ್ಕ. ಅದನ್ನು ನೆಚ್ಚಿ 13, 12, 11ರ ಮೂರು ಅಲ್ಯೂಮಿನಿಯಂ ಪ್ರೊಪೆಲ್ಲರುಗಳನ್ನು, ಆಗದ್ದನ್ನು ಹಿಂತಿರುಗಿಸುವ ಒಪ್ಪಂದದ ಮೇಲೆ ತರಿಸಿದೆವು. "ಭಾವ, ನಂಬರ್ ಕಮ್ಮಿ ಮಾಡಿದ್ರೆ ಸ್ಪೀಡ್ ಹೆಂಗೆ ಜಾಸ್ತಿ ಆಗುತ್ತೆ?" ಎಂದು ಭಾಮೈದ ಕೊನೆಯವರೆಗೂ ಗೊಣಗುತ್ತಲೇ ಇದ್ದ.

ಪರೀಕ್ಷೆಯನ್ನು ಬೆಳಿಗ್ಗೆ ಗಾಳಿ ಏಳುವ ಮುನ್ನ ಮಾಡಿದೆವು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಹೊತ್ತೇರಿದರೆ ಅಲೆಯೆದ್ದು ಅಳತೆ ಕೆಡುತ್ತದೆ. ಪ್ರತಿ ಸಲವೂ ಇಬ್ಬರೇ, ಅರ್ಧ ಟ್ಯಾಂಕ್ ಪೆಟ್ರೋಲು, ಖಾಲಿ ಐಸ್ ಪೆಟ್ಟಿಗೆ, ಮೊಬೈಲಿನ ಜಿಪಿಎಸ್. ಹೋಗುವಾಗಿನ ಮತ್ತು ಬರುವಾಗಿನ ವೇಗದ ಸರಾಸರಿ ಬರೆದುಕೊಂಡೆವು. 13ರಲ್ಲಿ ಎಂಜಿನ್ 4850ಕ್ಕೆ ಏರಿ ವೇಗ 41 ಆಯಿತು. ಪಿಚ್ ಇಳಿದು ವೇಗ ಏರಿದ್ದನ್ನು ಕಂಡು ಭಾಮೈದ ಮಾತು ನಿಲ್ಲಿಸಿದ. 12ರಲ್ಲಿ 5100 ಆರ್‌ಪಿಎಂ, ವೇಗ ಮತ್ತೆ 41. 11ರಲ್ಲಿ 5350ಕ್ಕೆ ಏರಿದರೂ ವೇಗ 40ಕ್ಕೆ ಇಳಿಯಿತು. ಅಲ್ಲಿಗೆ ಗೇರು ತೀರಾ ಚಿಕ್ಕದಾಗಿತ್ತು.

ಈ ಅಂಕಿಗಳಿಂದ ಸ್ಲಿಪ್, ಅಂದರೆ ಪಿಚ್‌ನ ಲೆಕ್ಕಕ್ಕಿಂತ ದೋಣಿ ಹಿಂದೆ ಬೀಳುವ ಪಾಲು, ಎಷ್ಟೆಂದು ತಿಳಿಯಬಹುದು. ಎಂಜಿನ್ ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ (ಪ್ರೊಪೆಲ್ಲರಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಎಂಬುದರಿಂದ), ನಮ್ಮದರಲ್ಲಿ 2ರಿಂದ, ಭಾಗಿಸಿ ಪಿಚ್‌ನಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಂಗುಲ ಸಾಗಬೇಕಿತ್ತೆಂಬುದು ಸಿಗುತ್ತದೆ, ಅದನ್ನು 1.524ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಮೀಟರ್ ಎಂದಾಗುತ್ತದೆ. 15ರ ಪ್ರೊಪೆಲ್ಲರು ಹೀಗೆ ಗಂಟೆಗೆ 50.3 ಕಿಲೋಮೀಟರ್ ಸಾಗಬೇಕಿತ್ತು, ಸಾಗಿದ್ದು 38; ಕಾಲು ಪಾಲು ನೀರಿನಲ್ಲಿ ಜಾರಿಹೋಗಿತ್ತು. 12ರದ್ದು 46.6ಕ್ಕೆ 41, ಅಂದರೆ ಶೇಕಡಾ 12ರ ಸ್ಲಿಪ್. ಇಂಥ ದೋಣಿಗೆ ಶೇಕಡಾ 10ರಿಂದ 15 ಸಹಜ. ಸ್ಲಿಪ್ಪೇ ಇಲ್ಲದಿದ್ದರೆ ತಳ್ಳುವ ಬಲವೂ ಇರುವುದಿಲ್ಲ. ಮಾರಿದವರ 50ರ ಮಾತು ಎಲ್ಲಿಂದ ಬಂದಿರಬಹುದೆಂಬ ಗುಮಾನಿಯೂ ಈ ಲೆಕ್ಕ ಮಾಡುವಾಗಲೇ ನನಗೆ ಹುಟ್ಟಿದ್ದು.

ಇನ್ನುಳಿದದ್ದು ಎಂಜಿನ್ನಿನ ಎತ್ತರ. ಪ್ರೊಪೆಲ್ಲರಿಗಿಂತ ತುಸು ಮೇಲೆ, ನೀರಿಗಿಳಿಯುವ ಎಂಜಿನ್ನಿನ ಕಾಲಿನಲ್ಲಿ, ಒಂದು ಚಪ್ಪಟೆ ತಟ್ಟೆ ಇರುತ್ತದೆ, ಅದು ದೋಣಿಯ ತಳದ ಮಟ್ಟಕ್ಕೆ ಹತ್ತಿರವಿರಬೇಕು. ನಮ್ಮದರಲ್ಲಿ ಅದು ಎರಡು ಅಂಗುಲ ಕೆಳಗಿದ್ದು, ಎಂಜಿನ್ನಿನ ಕಾಲು ಸುಮ್ಮನೆ ನೀರನ್ನು ಸೀಳುತ್ತ ವೇಗ ತಿನ್ನುತ್ತಿತ್ತು. ಬೋಲ್ಟಿನ ತೂತುಗಳನ್ನು ಬದಲಿಸಿ ಒಂದೂವರೆ ಅಂಗುಲ ಎತ್ತಿದ ಮೇಲೆ 12ರ ಪ್ರೊಪೆಲ್ಲರಿನಲ್ಲೇ 5350 ಆರ್‌ಪಿಎಂ, 43 ಕಿಲೋಮೀಟರ್ ಬಂತು. ಹೆಚ್ಚು ಎತ್ತಿದರೆ ತಿರುವಿನಲ್ಲಿ ಪ್ರೊಪೆಲ್ಲರು ಮೇಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಪಂಪಿಗೆ ಏರ್ ಹಿಡಿದಾಗ ಮೋಟಾರು ಹೇಗೆ ಬರಿದೇ ಕೂಗುತ್ತದೋ ಹಾಗೆಯೇ ಎಂಜಿನ್ ಕೂಗುತ್ತದೆ. ತಂಪಿಸುವ ನೀರಿನ ಧಾರೆ ಹಿಂಬದಿಯ ತೂತಿನಿಂದ ನಿಲ್ಲದೆ ಬೀಳುತ್ತಿದೆಯೇ ಎಂಬುದನ್ನೂ ಪ್ರತಿ ಬಾರಿ ನೋಡಬೇಕು.

ಸ್ಟೇನ್‌ಲೆಸ್ ಸ್ಟೀಲಿನದಾದರೆ ಇನ್ನೊಂದೆರಡು ಕಿಲೋಮೀಟರ್ ಬರಬಹುದೆಂದು ಹಲವರು ಸಲಹೆ ಕೊಟ್ಟರು. ಅದರ ಅಲಗು ತೆಳುವಾಗಿದ್ದು ಹೊರೆಯಲ್ಲೂ ಬಾಗದಿರುವುದರಿಂದ ಆ ಮಾತು ಸುಳ್ಳಲ್ಲ. ಆದರೆ ಜಾಲಿಯ ಬೊಡ್ಡೆಗೆ ಬಡಿದಾಗ ಅಲ್ಯೂಮಿನಿಯಂ ತಾನು ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಗಟ್ಟಿ ಸ್ಟೀಲಿನಲ್ಲಿ, ಗುಬ್ಬಿಯೊಳಗೆ ಜಾರುವ ರಬ್ಬರ್ ಬುಷ್ ಇದ್ದರೂ, ಪೆಟ್ಟಿನ ಹೆಚ್ಚಿನ ಪಾಲು ಶಾಫ್ಟಿಗೂ ಗೇರಿಗೂ ಹೋಗುತ್ತದೆ. ನಮ್ಮ ನೀರಿಗೆ ಅದು ಬೇಡವೆಂದೆ. 43ರಿಂದ 47ಕ್ಕೆ ಹೋಗುವ ಆಸೆಗೂ ನನ್ನ ಉತ್ತರ ಅಷ್ಟೇ ನೀರಸ: ನೀರಿನ ಮೇಲೆ ತೇಲಿ ಓಡುವ ದೋಣಿಗೆ ವೇಗ ಶೇಕಡಾ 10 ಹೆಚ್ಚಬೇಕಾದರೆ ಶಕ್ತಿ ಶೇಕಡಾ 21 ಹೆಚ್ಚಬೇಕು, ಇಲ್ಲವೇ ಅದಕ್ಕೆ ತಕ್ಕಷ್ಟು ತೂಕ ಇಳಿಯಬೇಕು. ತಳದ ಹಲಗೆಯಡಿ ನಿಂತಿದ್ದ ನೀರು, ತುಕ್ಕು ಹಿಡಿದ ಲಂಗರು, ಯಾರದೋ ಹಳೆಯ ಬಲೆ ತೆಗೆದುಹಾಕಿದ್ದೇ ನಮಗೆ ಪುಕ್ಕಟೆಯಾಗಿ ಸಿಕ್ಕ ಲಾಭ.

13ನ್ನು ಹಿಂತಿರುಗಿಸಿದೆವು; 12ರಷ್ಟೇ ವೇಗ ಕೊಡುವ ಅದು ಎಂಜಿನ್ನನ್ನು 5000ದ ಕೆಳಗೆ ಹಿಡಿದಿಡುತ್ತಿತ್ತು. ಮೀನು, ಐಸು ತುಂಬಿ ನಾಲ್ವರು ಕುಳಿತ ದಿನ 12 ಕೂಡ 4900ಕ್ಕೆ ಕುಸಿಯುವುದರಿಂದ, 11ನ್ನು ಉಳಿಸಿಕೊಂಡು ಸೀಟಿನಡಿಯ ಪೆಟ್ಟಿಗೆಯಲ್ಲಿ ಹೊಸ ಸ್ಪ್ಲಿಟ್ ಪಿನ್ನು, ಗ್ರೀಸಿನ ಡಬ್ಬಿ, ಅಲಗು ತಿರುಗದಂತೆ ಒಡ್ಡುವ ಮರದ ತುಂಡಿನೊಡನೆ ಇಟ್ಟಿದ್ದೇವೆ. ಬದಲಿಸುವ ಮುನ್ನ, ಎಂಜಿನ್ ಅಕಸ್ಮಾತ್ ಶುರುವಾಗದಂತೆ, ಅದರ ಸ್ಟಾಪ್ ದಾರವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕೆಂದು ಭಾಮೈದನಿಗೆ ಎರಡು ಸಲ ಹೇಳಿ, ಮೂರನೆಯ ಸಲ ಅವನ ಕೈಯಲ್ಲೇ ಮಾಡಿಸಿ ದಾವಣಗೆರೆಯ ಬಸ್ಸು ಹತ್ತಿದೆ.