ಮೊದಲು ಬೆರಳು, ಆಮೇಲೆ ನೀರು

ಆಷಾಢದ ಗಾಳಿಯಲ್ಲಿ ನಮ್ಮ ಚಿತ್ರದುರ್ಗದ ತಾರಸಿ ಮೇಲೆ ಗಿಡ ಉಳಿಸಿಕೊಳ್ಳುವುದು ಸುಲಭ ಅಲ್ಲ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ! ಮೋಡ ಕವಿದಿರುತ್ತದೆ, ತುಂತುರು ಬಂದು ಹೋಗಿರುತ್ತದೆ, ಕುಂಡದ ಮೇಲ್ಮಣ್ಣು ಕಪ್ಪಗೆ ಒದ್ದೆ ಕಾಣುತ್ತದೆ. ಬೆರಳು ಇಳಿಸಿ ನೋಡಿದರೆ ಒಳಗೆ ಬರೀ ಪುಡಿಮಣ್ಣು. ಬಿಸಿಲಿಲ್ಲದಿದ್ದರೂ ಗಾಳಿ ಎಲೆಯ ನೀರು ಎಳೆಯುತ್ತಲೇ ಇರುತ್ತದೆ. ಎಲೆ ಬೇರಿನಿಂದ ಎಳೆಯುತ್ತದೆ. ತುಂತುರಿಗೆ ಅಷ್ಟು ಆಳ ಇಳಿಯುವ ಶಕ್ತಿ ಎಲ್ಲಿದೆ?

ನಾನು ದಿನವಿಡೀ ಹೊಲಿಗೆ ಮಷೀನ್ ಮುಂದೆ ಕೂರುವವಳು. ಬ್ಲೌಸ್ ಕೇಳಿಕೊಂಡು ಜನ ಬರುವ ಮೊದಲು ಸ್ವಲ್ಪ ಹೊತ್ತು ತಾರಸಿಗೆ ಹೋಗುತ್ತೇನೆ. ಫೋನ್ ಕೆಳಗೇ ಇರುತ್ತದೆ. ಮಗ್ ಮುಟ್ಟುವ ಮೊದಲು ಒಂದೊಂದು ಕುಂಡಕ್ಕೂ ಬೆರಳು ಹಾಕಿ ನೋಡುವುದು, ಎಲೆ ಮಗುಚಿ ನೋಡುವುದು. ಇಷ್ಟೇ. ಎಷ್ಟೋ ದಿನ ಅರ್ಧ ಕುಂಡಗಳಿಗೆ ನೀರೇ ಬೇಕಾಗಿರುವುದಿಲ್ಲ.

ಗಿಡದ ಜೊತೆ ಮಾತಾಡಿ, ಹಾಡು ಹೇಳಿ ಅಂತ ರೀಲ್ಸ್‌ನಲ್ಲಿ ಹೇಳುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ನಾನು ಹೇಳುವುದಕ್ಕಿಂತ ಗಿಡ ತೋರಿಸುವುದೇ ಜಾಸ್ತಿ ಇರುತ್ತದೆ. ದಾಸವಾಳ ಮಧ್ಯಾಹ್ನ ಜೋತು ಬಿದ್ದರೆ ನಾನು ಗಾಬರಿಯಾಗುವುದಿಲ್ಲ, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಗ್ಗೆ ತಂಪಿನಲ್ಲೂ ಜೋತಿದ್ದರೆ ಮಾತ್ರ ಏನೋ ಇದೆ ಅಂತ ಅರ್ಥ. ಒಣಗಿರಬಹುದು, ಇಲ್ಲಾ ನೀರು ಜಾಸ್ತಿಯಾಗಿ ಬೇರು ಕೊಳೆತಿರಬಹುದು. ಎರಡಕ್ಕೂ ಎಲೆ ಒಂದೇ ಥರ ಜೋಲುತ್ತದೆ. ಅದಕ್ಕೇ ಬೆರಳು ಬೇಕು.

ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು, ಮಲಗಿರುತ್ತದೆ ಅಂತ ನಮ್ಮ ಅಜ್ಜಿ ಬೈಯುತ್ತಿದ್ದರು. ಕುಂಡದಲ್ಲಿ ತಾನಾಗಿ ಹುಟ್ಟುವ ನೆಲನೆಲ್ಲಿಯನ್ನು ಸಂಜೆ ನೋಡಿ, ಪುಟ್ಟ ಎಲೆಗಳೆಲ್ಲ ಮಡಚಿಕೊಂಡಿರುತ್ತವೆ. ಹುಣಸೆ ಎಲೆಯೂ ಹಾಗೇ. ಎಲೆಯ ಬುಡದಲ್ಲಿ ಸಣ್ಣ ಗಂಟಿನ ಥರ ಒಂದು ಭಾಗ ಇರುತ್ತದೆ. ಅದರ ಕೋಶಗಳಲ್ಲಿ ನೀರು ಆ ಕಡೆ ಈ ಕಡೆ ಆದಾಗ ಎಲೆ ಮಡಚುತ್ತದೆ, ಬಿಚ್ಚುತ್ತದೆ. ಅಜ್ಜಿಗೆ ಇದೆಲ್ಲ ಗೊತ್ತಿರಲಿಲ್ಲ, ಆದರೆ ನೋಡಿದ್ದರಲ್ವಾ.

ಮನೆಯಲ್ಲಿ ಜಗಳ ಇರುವುದು ಕರಿಬೇವಿನ ವಿಷಯಕ್ಕೆ ಮಾತ್ರ. ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ, ತಿಳಿ ಹಳದಿ ಮೊಟ್ಟೆ ಸಿಗುತ್ತದೆ. ಕರಿ ರೆಕ್ಕೆಯ ಚಿಟ್ಟೆ ಇಟ್ಟಿದ್ದು. ಮರಿಹುಳು ಮೊದಮೊದಲು ಹಕ್ಕಿ ಹಿಕ್ಕೆ ಅಂತಲೇ ಕಾಣುತ್ತದೆ, ಹಕ್ಕಿಯೂ ಮೋಸ ಹೋಗಬೇಕು. ಪೊರೆ ಬಿಡುತ್ತಾ ಬಿಡುತ್ತಾ ಕೊನೆಗೆ ಹುಳುವೇ ಎಲೆಯಂತೆ ಹಸಿರಾಗುತ್ತದೆ. ಆಗ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂಥ ಕೆಂಪು ಕವಲೊಂದನ್ನು ಚಾಚುತ್ತದೆ. ಜೊತೆಗೆ ಮೂಗಿಗೆ ಹೊಡೆಯುವ ಘಾಟು. ನನಗೆ ಅದನ್ನು ನೋಡುವುದೇ ಒಂದು ಹಬ್ಬ. ಅತ್ತೆಗೆ ಮಾತ್ರ ಕೋಪ.

"ಏನಮ್ಮ, ಹುಳ ಸಾಕ್ತೀಯೋ, ಸಾರಿಗೆ ಸೊಪ್ಪು ಉಳಿಸ್ತೀಯೋ?"

"ಎರಡೂ ಅತ್ತೆ."

ಮೇಲಿನ ಒಂದು ಕೊಂಬೆ ಹುಳಕ್ಕೆ, ಉಳಿದದ್ದು ಒಗ್ಗರಣೆಗೆ ಅಂತ ರಾಜಿ ಆಗಿದೆ. ಬೇರೆ ಕೊಂಬೆಗೆ ಇಳಿದ ಹುಳವನ್ನು ಎಲೆ ಸಮೇತ ಎತ್ತಿ ಮೇಲಿಡುವ ಕೆಲಸ ನನ್ನದು. ಗಿಡ ಚೆನ್ನಾಗಿ ಬೇರೂರಿದ್ದರೆ ಅಷ್ಟು ತಿಂದರೂ ಮತ್ತೆ ಚಿಗುರುತ್ತದೆ, ಎಳೆ ಸಸಿಯಾದರೆ ನಾನೂ ಬಿಡುವುದಿಲ್ಲ. ಈಚೆಗೆ ಅತ್ತೆಯೇ ಸೊಪ್ಪು ಕೀಳುವಾಗ ಒಂದೊಂದು ಎಲೆಯನ್ನೂ ತಿರುಗಿಸಿ ನೋಡುತ್ತಾರೆ. ಹುಳ ಸಿಕ್ಕಿದರೆ ಅಲ್ಲಿಂದಲೇ ಕೂಗು, "ಬಾರಮ್ಮ, ನಿನ್ನ ನೆಂಟ ಬಂದಿದ್ದಾನೆ!"