2ರ ಘಾತ 67 ಮೈನಸ್ 1: ಎರಡು ವಾರ ಸೊನ್ನೆಯ ಜೊತೆ ಸಂಸಾರ

ಸಿಕ್ತು! 2ರ ಘಾತ 67 ಮೈನಸ್ 1ರ ಅಪವರ್ತನ, ಅಂದರೆ ಅದನ್ನ ಶೇಷವಿಲ್ಲದೆ ಭಾಗಿಸೋ ಸಂಖ್ಯೆ: 193707721. ಎರಡು ವಾರದಿಂದ ನನ್ನ ಪ್ರೋಗ್ರಾಂ ದಿನಾ ಈ ಸಂಖ್ಯೆಯನ್ನ ದಾಟಿಕೊಂಡೇ ಹೋಗುತ್ತಿತ್ತು, ಕಂಡರೂ ಕಾಣದ ಹಾಗೆ.

2ರ ಘಾತ 67 ಮೈನಸ್ 1, ಅಂದರೆ 147573952589676412927, ಅವಿಭಾಜ್ಯ ಅಂತ 1644ರಲ್ಲಿ ಫ್ರೆಂಚ್ ಪಾದ್ರಿ ಮರ್ಸೆನ್ ಪಟ್ಟಿ ಮಾಡಿದ್ದ. ಅಲ್ಲ ಅಂತ 1876ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ತೋರಿಸಿದ, ಆದರೆ ಅಪವರ್ತನ ಕೊಡಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಕೊಟ್ಟ. ಉತ್ತರ ಲೋಕಕ್ಕೆಲ್ಲ ಗೊತ್ತು, ಆದರೂ ನನ್ನ ಕೋಡೇ ಹುಡುಕಬೇಕು ಅನ್ನೋ ಹಠ.

ವಿಧಾನ ಮಾಮೂಲಿ. ಅಪವರ್ತನ ಇದ್ದರೆ 134k+1 ರೂಪದಲ್ಲೇ ಇರಬೇಕು (134 ಅಂದರೆ 67ರ ಎರಡರಷ್ಟು, k ಒಂದು ಪೂರ್ಣಾಂಕ), 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ದೊಡ್ಡ ಸಂಖ್ಯೆಯನ್ನ ಮುಟ್ಟೋದೇ ಬೇಡ, 2ರಿಂದ ಶುರು ಮಾಡಿ ವರ್ಗ ಮಾಡ್ತಾ, ಬೇಕಾದಲ್ಲಿ 2ರಿಂದ ಗುಣಿಸ್ತಾ, ಪರೀಕ್ಷಿಸೋ ಸಂಖ್ಯೆಯಿಂದ ಭಾಗಿಸಿದ ಶೇಷ ಮಾತ್ರ ಇಟ್ಟುಕೊಂಡು ಹೋಗಿ ಕೊನೆಗೆ 1 ಬಂದರೆ ಗೆದ್ದ ಹಾಗೆ. ಘಾತ 11ಕ್ಕೆ 23 ಬಂತು, 29ಕ್ಕೆ 233, 41ಕ್ಕೆ 13367. ಎಲ್ಲಾ ಸರಿ. 67ಕ್ಕೆ ಮಾತ್ರ ಮೌನ. ಜರಡಿಯನ್ನ, ಅಂದರೆ ಬೇಡದ ಸಂಖ್ಯೆಗಳನ್ನ ಸೋಸೋ ಭಾಗವನ್ನ, ಮೂರು ಸಲ ಬರೆದೆ, ಲೂಪ್ ಬದಲಾಯಿಸಿದೆ. ಒಂದು ರಾತ್ರಿಯಂತೂ ಲ್ಯೂಕಾನ ಮೇಲೇ ಅನುಮಾನ ಬಂತು, ನನ್ನ ಮೇಲೆ ಬರಲಿಲ್ಲ ನೋಡಿ.

ಕೊನೆಗೆ ಕೋಲ್‌ನ ಉತ್ತರ ಕಾಪಿ ಹೊಡೆದೆ. k=1445580, ಅಂದರೆ 193707721, ಅಂತ ಕೈಯಾರೆ ಕೊಟ್ಟು ಪ್ರತಿ ಹೆಜ್ಜೆಯನ್ನೂ ಪ್ರಿಂಟ್ ಮಾಡಿಸಿದೆ: 2, 4, 16, 256, 65536, 0, 0.

ಸೊನ್ನೆ! 65536ರ ವರ್ಗ ಅಂದರೆ ಸರಿಯಾಗಿ 2ರ ಘಾತ 32. ನಾನು ಇಟ್ಟಿದ್ದು 32 ಬಿಟ್‌ನ ಅನ್‌ಸೈನ್ಡ್ ಇಂಟ್, ಅಂದರೆ 2ರ ಘಾತ 32ಕ್ಕಿಂತ ಚಿಕ್ಕ ಸಂಖ್ಯೆ ಮಾತ್ರ ಹಿಡಿಯೋ ಡಬ್ಬಿ. ಒಂದು ಬಿಟ್ ಜಾಸ್ತಿಯಾಗಿ ಆಚೆ ಬಿತ್ತು, ಉಳಿದಿದ್ದು ಬರೀ ಸೊನ್ನೆ. ಸಿ ಭಾಷೆಯಲ್ಲಿ ಇದು ತಪ್ಪೂ ಅಲ್ಲ, ಕಂಪೈಲರ್ ತುಟಿಪಿಟಕ್ ಅನ್ನಲಿಲ್ಲ. 65536ಕ್ಕಿಂತ ದೊಡ್ಡ ಅಪವರ್ತನ ಯಾವುದೇ ಇರಲಿ, ಇಲ್ಲಿ ಸಿಗೋ ಹಾಗೇ ಇರಲಿಲ್ಲ. ನನ್ನ ಪರೀಕ್ಷೆಯ ಸಂಖ್ಯೆಗಳೋ, ಎಲ್ಲವೂ ಅದಕ್ಕಿಂತ ಚಿಕ್ಕವು. ಘಾತ 59 ಹಾಕಿ ನೋಡಿದ್ದರೆ ಅದರ ಅಪವರ್ತನ 179951 ಸಿಗದೆ ಮೊದಲ ದಿನವೇ ಗುಟ್ಟು ರಟ್ಟಾಗುತ್ತಿತ್ತು.

64 ಬಿಟ್ ಮಾಡಿದೆ: 2, 4, 16, 256, 65536, 66794868, 1. ಆ ಕೊನೆಯ 1 ನೋಡಿ ಕುರ್ಚಿ ಬಿಟ್ಟು ಎದ್ದೆ. ಜರಡಿ ಹಿಡಿದ ಮೇಲೆ ಸುಮಾರು 7.2 ಲಕ್ಷ ಪರೀಕ್ಷೆ, ಕಣ್ಣು ಮಿಟುಕಿಸೋದರಲ್ಲಿ ಮುಗಿಯಿತು. ಕೋಲ್‌ಗೆ ಮೂರು ವರ್ಷದ ಭಾನುವಾರಗಳು ಹಿಡಿದವಂತೆ.

ಮುಂದಿನದು ಘಾತ 101. ಅಲ್ಲಿ ಚಿಕ್ಕ ಅಪವರ್ತನವೇ 13 ಅಂಕಿ, ಈ ವಿಧಾನ ಹಿಡಿದರೆ k 3,600 ಕೋಟಿ ದಾಟಬೇಕು, ಹಾಗಾಗಿ ಪೊಲ್ಲಾರ್ಡ್ ರೋ ಅನ್ನೋ ಇನ್ನೂ ವೇಗದ ಅಪವರ್ತನ ವಿಧಾನ ಬರೀಬೇಕು. ಅರ್ಧ ಬರೆದೂ ಆಯಿತು, ಈ ಲೇಖನ ಮುಗಿಸದೆ.

ಗುಣಿಸಿ ತಾಳೆ ನೋಡೋಣ ಅಂತ ಒಂದು ಕ್ಯಾಲ್ಕುಲೇಟರ್ ಆ್ಯಪ್ ಹಾಕಿಕೊಂಡೆ. 'ಎಷ್ಟು ದೊಡ್ಡ ಸಂಖ್ಯೆಯಾದರೂ ಸರಿ' ಅಂತ ಜಂಬ ಬೇರೆ. ಕೊಟ್ಟಿದ್ದು 1.4757ಇ20, ಅಂದರೆ ಮೊದಲ ಐದು ಅಂಕಿ ಮಾತ್ರ. ಸುಮ್ನೆ ಪೆನ್ನು ಹಿಡಿದು ಕೂತೆ, 193707721 ಇಂಟು ಇನ್ನೊಂದು ಅಪವರ್ತನ 761838257287. ಕೊನೆಗೆ 27 ಸರಿಯಾಗಿ ಬಂದಿದೆ, ಮಧ್ಯೆ ಎಲ್ಲೋ ದಶಕ ತಪ್ಪಿದ್ದೇನೆ. ನಾಳೆ ಮತ್ತೆ.