ಆಪರೇಷನ್ ಯಾವಾಗ ಎಂದು ಕೇಳುವವರಿಗೆ

ನನ್ನ ಹೊಟ್ಟೆಯೊಳಗಿನ ರಕ್ತನಾಳ ಉಬ್ಬಿದೆ ಎಂದು ತಿಳಿದಾಗಿನಿಂದ ಮಂಡ್ಯದ ನೂರಡಿ ರಸ್ತೆಯಲ್ಲಿ ಯಾರು ಸಿಕ್ಕರೂ ಇದೇ ಮಾತು: "ಆಪರೇಷನ್ ಯಾವಾಗ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಸದ್ಯಕ್ಕೆ ಇಲ್ಲ. ದುಡ್ಡಿಗೆ ಹಿಂದೆಗೆದಿಲ್ಲ, ಹೆದರಿಯೂ ಕೂತಿಲ್ಲ.

ಹೃದಯದಿಂದ ಹೊರಟು ಬೆನ್ನುಮೂಳೆಯ ಮುಂದೆ ಹೊಟ್ಟೆಯೊಳಗೆ ಇಳಿಯುವ ಆ ದೊಡ್ಡ ರಕ್ತನಾಳ, ಮಹಾಅಪಧಮನಿ, ಅಲ್ಲಿ ಸುಮಾರು 2 ಸೆಂ.ಮೀ. ಅಗಲವಿರುತ್ತದೆ. 3 ಮುಟ್ಟಿದರೆ ಅದು ಉಬ್ಬು, ಡಾಕ್ಟರರ ಮಾತಿನಲ್ಲಿ ಅನ್ಯೂರಿಸಂ. ನನ್ನದು 4.2. ಗಂಡಸರಿಗೆ 5.5, ಹೆಂಗಸರಿಗೆ 5ರ ಆಸುಪಾಸು ಮುಟ್ಟುವ ತನಕ, ನೋವಿಲ್ಲದೆ, ಬೇಗ ಬೆಳೆಯದೆ ಇದ್ದರೆ, ಅದು ಒಡೆಯುವ ಅಪಾಯಕ್ಕಿಂತ ಆಪರೇಷನ್ನಿನ ಅಪಾಯವೇ ಹೆಚ್ಚು. ಆದ್ದರಿಂದ ಕಾಯುತ್ತಿದ್ದೇನೆ.

ಹೋದ ತಿಂಗಳು ಮದುವೆಯೊಂದರ ಪಂಕ್ತಿಯಲ್ಲಿ ನೆಂಟರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಹೊಟ್ಟೆಯಲ್ಲಿ ಬಾಂಬ್ ಇಟ್ಟುಕೊಂಡು ಹೇಗೆ ನಿದ್ದೆ ಮಾಡುತ್ತೀರಿ?" ಎಂದರು. ಪಕ್ಕದಲ್ಲಿದ್ದ ನನ್ನ ಹೆಂಡತಿಯ ಕೈ ಎಲೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವಳು ಒಂದು ತುತ್ತೂ ತಿನ್ನಲಿಲ್ಲ. ಆ ರಾತ್ರಿ ನಾನು ಕೆಮ್ಮಿದಾಗಲೆಲ್ಲ ಎದ್ದು ದೀಪ ಹಾಕಿದಳು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಕಾಯುವುದಕ್ಕೂ ಕೆಲಸವಿದೆ. ವರ್ಷಕ್ಕೊಮ್ಮೆ ಸ್ಕ್ಯಾನಿಗೆಂದು ಖಾಲಿ ಹೊಟ್ಟೆಯಲ್ಲಿ ಮೈಸೂರಿನ ಬಸ್ ಹತ್ತುತ್ತೇನೆ. ತಣ್ಣನೆಯ ಜೆಲ್ ಸವರಿ, ಪರದೆಯ ಮೇಲಿನ ಕಪ್ಪು ವೃತ್ತದ ಆ ಅಂಚಿಗೊಂದು ಈ ಅಂಚಿಗೊಂದು ಗುರುತು ಇಡುತ್ತಾರೆ. ನಡುವೆ ಚುಕ್ಕಿಗೆರೆ ಮೂಡುತ್ತದೆ. ಅಂಕಿ ಬರುವವರೆಗೆ ಉಸಿರು ಬಿಗಿಹಿಡಿದಿರುತ್ತೇನೆ. ಬಿಪಿ, ಕೊಲೆಸ್ಟರಾಲ್ ಮಾತ್ರೆ ತಪ್ಪಿಸುವುದಿಲ್ಲ. ಮೂವತ್ತು ವರ್ಷ ಸೇದಿದ ಸಿಗರೇಟು ಬಿಟ್ಟಿದ್ದೇನೆ. ಸೇದುವವರಲ್ಲಿ ಉಬ್ಬು ಬೇಗ ಬೆಳೆಯುತ್ತದೆ. ಹೊಟ್ಟೆಯಲ್ಲೋ ಬೆನ್ನಿನಲ್ಲೋ ದಿಢೀರನೆ ತಡೆಯಲಾಗದ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಕೂರದೆ 108ಕ್ಕೆ ಕರೆ ಮಾಡಬೇಕೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

"ನಾನೂ ಪರೀಕ್ಷೆ ಮಾಡಿಸಬೇಕೇ?" ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಬೇಕಾದವನು ನನ್ನ ತಮ್ಮ. ಒಡಹುಟ್ಟಿದವರಲ್ಲಿ ಇದು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಅವನಿಗೆ ಅರವತ್ತೈದು ದಾಟಿದೆ, ಬೀಡಿ ಬಿಟ್ಟಿಲ್ಲ. "ನನಗೇನೂ ನೋವಿಲ್ಲವಲ್ಲ" ಎನ್ನುತ್ತಾನೆ. ನನಗೂ ಇರಲಿಲ್ಲ. ಮೂತ್ರಪಿಂಡದ ಕಲ್ಲಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಅಕಸ್ಮಾತ್ತಾಗಿ ಕಂಡಿತು.

ತಮ್ಮಾ, ಬರುವ ತಿಂಗಳು ನನ್ನ ಸ್ಕ್ಯಾನ್ ಇದೆ. ಬೆಳಿಗ್ಗೆ ಏನೂ ತಿನ್ನದೆ ಬಸ್ ನಿಲ್ದಾಣಕ್ಕೆ ಬಾ. ನಿನ್ನ ಟಿಕೆಟ್ಟನ್ನೂ ನಾನೇ ತೆಗೆಯುತ್ತೇನೆ.